ಮೊದಲು ಎಣ್ಣೆ

"ಮೆಲ್ಲಗೆ! ಮೂಗು ಹಿಡಿದು ಎತ್ತಬೇಡಿ ಮಾವ! ಕಿವಿ ಕಡೆಯಿಂದ ಹಿಡೀರಿ!"

ಸೋದರಮಾವನ ಎರಡೂ ಕೈ ಗಾಳಿಯಲ್ಲೇ ನಿಂತವು. ಎತ್ತಲು ಹೊರಟಿದ್ದ ಕಾಗದದ ಮುಖವನ್ನು ಬಿಟ್ಟು ಅವರು ತಂಗಿಯ ಮಗಳ ಮುಖ ನೋಡಿದರು. ಈ ಹುಡುಗಿಯ ಗಂಟಲಿಗೆ ಇಷ್ಟು ಜೋರು ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಗೊತ್ತಿರಲಿಲ್ಲ. "ನನ್ನ ಮಗಳು ಮಾತಾಡ್ತಿದಾಳೋ ಇಲ್ವೋ ತಿಳೀಬೇಕು ಅಂದ್ರೆ ಮೊದಲು ಸ್ಟೌ ಆರಿಸಬೇಕು" ಎಂದು ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದ. ಆ ಅಪ್ಪ ಈಗ ಒಳಕೋಣೆಯ ಮಂಚದ ಮೇಲೆ ಮಲಗಿದ್ದ. ನಿನ್ನೆ ರಾತ್ರಿ ಊಟದ ತಟ್ಟೆ ತೊಳೆದಿಟ್ಟು, ಎದೆ ಒತ್ತಿಕೊಂಡು ಕೂತವನು ಮತ್ತೆ ಏಳಲಿಲ್ಲ.

"ಅಲ್ಲ ಕಣೇ, ನಿಮ್ಮಪ್ಪನ್ನ ಹೊರಗೆ ತಂದು ಮಲಗಿಸೋಕೆ ಒಂದು ಗೇಣು ಜಾಗ ಇಲ್ಲ. ಜನ ಬರೋ ಹೊತ್ತಾಯ್ತು. ನೀನು ಈ ರದ್ದಿ ಬುರುಡೆಗಳಿಗೆ ಉಪಚಾರ ಮಾಡ್ತಾ ನಿಂತಿದೀಯಲ್ಲ!"

"ರದ್ದಿ ಅಲ್ಲ ಮಾವ. ಮಕ್ಕಳದು. ನಾಳೆ ನಾಟಕ," ಎನ್ನುವಷ್ಟರಲ್ಲಿ ಅವಳ ದನಿ ಬಂದ ದಾರಿಯಲ್ಲೇ ಗಂಟಲಿಗೆ ಇಳಿದುಹೋಯಿತು.

ಮುಂದಿನ ಹಾಲ್ ಎಂದೂ ಈ ಮನೆಯವರದಾಗಿರಲಿಲ್ಲ. ಅದು ಅಪ್ಪನ ಕಾರ್ಯಾಗಾರ. ಹಗಲೆಲ್ಲ ಹಲ್ಲಿನ ಡಾಕ್ಟರ ಹತ್ತಿರ ಕಟ್ಟುಹಲ್ಲು ಮಾಡುವ ಕೆಲಸ, ಸಂಜೆ ಮತ್ತು ರಜಾದಿನ ಶಾಲೆಮಕ್ಕಳಿಗೆ ಮುಖವಾಡ ಮಾಡಿಸುವ ಕೆಲಸ. ಮೊದಲನೆಯದು ಹೊಟ್ಟೆಗೆ, ಎರಡನೆಯದು ಯಾತಕ್ಕೆ ಎಂದು ಕೇಳಿದರೆ "ಹಸಿವೆ ಹೊಟ್ಟೇಲಿ ಮಾತ್ರ ಇರುತ್ತಾ?" ಎನ್ನುತ್ತಿದ್ದ. ಮಕ್ಕಳಿಗೆ ಅವನು ಅಂಟು ಮಾಮ, ಮೈದಾ ಅಂಟು ಕುದಿಸುವ ಇವಳು ಅಂಟಕ್ಕ. ಗೋಡೆಯುದ್ದ ಕಟ್ಟಿದ ಹಲಗೆಗಳ ಮೇಲೆ ಈಗ ಒಂದು ತರಗತಿಯ ಮಕ್ಕಳೆಲ್ಲರ ಮುಖವಾಡ ಒಣಗುತ್ತಿದ್ದವು. ಒಳಗೆ ಪ್ಲಾಸ್ಟರಿನ ಟೊಳ್ಳು ಅಚ್ಚು, ಮೇಲೆ ಹಳೆ ಪತ್ರಿಕೆಯ ಕಾಗದದ ಪದರಗಳು. ತಳದ ಪದರ ಮಾತ್ರ ಬಿಳಿ ಕಾಗದ, ಹಾಕಿಕೊಂಡವರ ಕೆನ್ನೆಗೆ ಅಚ್ಚುಮಸಿ ಹತ್ತಬಾರದೆಂದು. ಎಲ್ಲ ಅಚ್ಚುಗಳದೂ ಒಂದೇ ಮುಖ: ಕಣ್ಣು ಮುಚ್ಚಿದ, ಎಡಕ್ಕೆ ಸೊಟ್ಟಗಾದ ಮೂಗಿನ ಗಂಡಸಿನ ಮುಖ. ನಾಳಿನ ನಾಟಕ ಕಾಡಿನ ಕತೆ. ಹುಲಿಗೂ ಅದೇ ಸೊಟ್ಟ ಮೂಗು, ಮೊಲಕ್ಕೂ ಅದೇ ಸೊಟ್ಟ ಮೂಗು. ಯಾರಪ್ಪಾ ಈತ ಎಂದು ಮಕ್ಕಳು ಕೇಳಿದರೆ, "ಯಾರೋ ಪುಣ್ಯಾತ್ಮ, ಮುಖ ಕೊಟ್ಟು ಹೋದ" ಎಂದು ಅಪ್ಪ ಮಾತು ತೇಲಿಸುತ್ತಿದ್ದ.

ಅಚ್ಚುಗಳನ್ನು ತಾರಸಿಗೆ ಹೋಗುವ ಮೆಟ್ಟಿಲ ಮೇಲೆ, ಒಂದೊಂದು ಮೆಟ್ಟಿಲಿಗೆ ಇಬ್ಬಿಬ್ಬರಂತೆ ಕೂರಿಸಿದ್ದಾಯಿತು. ಮಾವ ಬೆವರು ಒರೆಸಿಕೊಂಡು, "ಸೊಟ್ಟಮೂಗಿನ ಪಟಾಲಮ್ಮು" ಎಂದು ಗೊಣಗಿ, ನಾಲ್ಕು ಜನರನ್ನು ಕರೆದುಕೊಂಡು ಒಳಕೋಣೆಗೆ ಹೋದರು.

ಅವಳು ಅಲ್ಲೇ ಕೂತು ಒಂದರ ಹಣೆಗೆ ಉಗುರಿನಿಂದ ಚಿಮ್ಮಿದಳು. ಟಕ್. ಇನ್ನೊಂದಕ್ಕೆ. ಟಕ್. ಒಣ ಸೋರೆಬುರುಡೆಯ ಸದ್ದು. ಒಣಗಿವೆ! ಇಂಥ ದಿನದಲ್ಲೂ ಮನಸ್ಸು ಹಿಗ್ಗಿತು. ಮುಖವಾಡ ಬಿಡಿಸುವ ದಿನವೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಹಾಗೆಯೇ. ಅಪ್ಪನ ಬಿದಿರಿನ ಸೀಳನ್ನು ಅಂಚಿಗೆ ತೂರಿಸಿ ಮೆಲ್ಲಗೆ ಮೀಟಿದಳು.

ಅಲ್ಲಾಡಲಿಲ್ಲ.

ಇನ್ನೊಂದನ್ನು ಮೀಟಿದಳು. ಮತ್ತೊಂದನ್ನು. ಕಾಗದ ಅಚ್ಚನ್ನು ಕಚ್ಚಿ ಹಿಡಿದಿತ್ತು. ಅವಳ ಕಣ್ಣು ತಾನಾಗಿ ಕಿಟಕಿಯ ಕಟ್ಟೆಯತ್ತ ಹೋಯಿತು. ಎಣ್ಣೆ ಬಾಟಲಿ. ಮೊನ್ನೆ ಮಕ್ಕಳು ಬರುವ ಮುಂಚೆ ಅವಳೇ ಕತ್ತಿನವರೆಗೆ ತುಂಬಿಸಿಟ್ಟದ್ದು. ಈಗಲೂ ಕತ್ತಿನವರೆಗೂ ಇತ್ತು.

*

ಮೊನ್ನೆ ಅಪ್ಪನಿಗೆ ಉತ್ಸಾಹ ನೆತ್ತಿಗೇರಿತ್ತು.

ಮೊದಲ ದಿನ ಅಚ್ಚುಗಳನ್ನು ಹಂಚಿ, "ಕಣ್ಣು ಮುಚ್ಚಿ, ಬೆರಳಲ್ಲಿ ನೋಡಿ. ಒಂದು ಮುಖ ಗೊತ್ತಾಗೋದು ಹಾಗೇ" ಎಂದಿದ್ದ. ಎರಡನೆಯ ದಿನ ಕಾಗದ ಹರಿಯುವುದು. ಮೂರನೆಯ ದಿನವೇ ಮೊನ್ನೆ. ಸಾಮಾನ್ಯವಾಗಿ ಅಪ್ಪ ಬಾಗಿಲಲ್ಲಿ ನಿಂತು, ಎರಡೂ ಕೈ ಎತ್ತಿ, "ಏನು ಮೊದಲು?" ಎಂದು ಗುಡುಗಬೇಕು. ಮಕ್ಕಳು ಸೂರು ಹಾರುವ ಹಾಗೆ "ಎಣ್ಣೆ!" ಎನ್ನಬೇಕು. ಆಮೇಲೆ ಅಚ್ಚಿಗೆ ಎಣ್ಣೆ, ಎಣ್ಣೆಯ ಮೇಲೆ ಕಾಗದ. ಊರಿನ ಎಷ್ಟೋ ಮಂದಿ ದೊಡ್ಡವರಾಗಿ ಮೀಸೆ ಬಂದ ಮೇಲೂ ಬೀದಿಯಲ್ಲಿ ಅಪ್ಪನನ್ನು ಕಂಡರೆ "ಎಣ್ಣೆ!" ಎಂದು ಕೂಗಿ ಹೋಗುವುದಿತ್ತು.

ಆದರೆ ಮೊನ್ನೆ ಹುಲಿಯ ಪಾತ್ರದ ಹುಡುಗಿ ಒಳಗೆ ಕಾಲಿಡುತ್ತಲೇ ಗರ್ಜಿಸಿದಳು. ಅವಳ ಮಾತು, ನಡೆ, ನಗು ಎಲ್ಲ ಸಿಡಿಯುವುದೇ ಆದ್ದರಿಂದ ತರಗತಿಗೆ ಅವಳು ಪಟಾಕಿ.

"ಅದು ಹುಲಿಯಾ? ನೆಗಡಿ ಆದ ಬೆಕ್ಕು!" ಅಂದ ಅಪ್ಪ. "ಹುಲಿ ಗರ್ಜಿಸೋದು ಬಾಯಲ್ಲಲ್ಲ, ಬೆನ್ನುಮೂಳೇಲಿ. ನೋಡು!" ಎಂದು ನೆಲಕ್ಕೆ ಕೈಯೂರಿಯೇಬಿಟ್ಟ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಹುಬ್ಬು ಕುಣಿಯುತ್ತಿತ್ತು. ಮೊಲ ಕಿರುಚಿತು, ಆಮೆ ಓಡಿತು, ಕೋತಿಗಳಂತೂ ನಿಜವಾದ ಕೋತಿಗಳೇ ಆದವು. ಒಳಗೆ ಅಂಟು ತಳ ಹಿಡಿಯದ ಹಾಗೆ ಕೈಯಾಡಿಸುತ್ತಿದ್ದ ಮಗಳಿಗೆ ಅಪ್ಪ ಏದುಸಿರಲ್ಲಿ "ಹೂಂ, ಸಾಕು, ಹೊತ್ತಾಯ್ತು, ಕಾಗದ ತಗೊಳ್ಳಿ!" ಎಂದದ್ದಷ್ಟೇ ಕೇಳಿಸಿತ್ತು.

ಹತ್ತಾರು ವರ್ಷಗಳಲ್ಲಿ ಮೊದಲ ಸಲ ಯಾರೂ "ಎಣ್ಣೆ!" ಎಂದಿರಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಹಾಲ್ ತುಂಬಿತು. ಅಪ್ಪನನ್ನು ನಡುವೆ ಮಲಗಿಸಿ, ತಲೆಯ ಹತ್ತಿರ ಅಮ್ಮ ಕೂತಿದ್ದಳು. ಗೋಡೆಗೆ ಆನಿಸಿದ್ದ ಫೋಟೋ ಕೆಲಸದ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಅದರಲ್ಲಿ ಅಪ್ಪ ಏನೋ ಕದ್ದು ಸಿಕ್ಕಿಬಿದ್ದವನ ಹಾಗೆ ಮಸುಕುಮಸುಕಾಗಿದ್ದ. ಬೇರೆ ಫೋಟೋ ಇದ್ದರೆ ತಾನೇ? ಕ್ಯಾಮೆರಾ ಕಂಡರೆ ನಾಲಿಗೆ ಚಾಚುವವನು ಅವನು. ನಿದ್ದೆಯಲ್ಲಿ ಕೂಡ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗುತ್ತಿದ್ದ.

"ಹಲ್ಲಿನವರು ಹೋದರಂತೆ, ಅಯ್ಯೋ," ಎಂದರು ಯಾರೋ ಮುದುಕಿ. "ನನ್ನ ಹಲ್ಲುಸೆಟ್ಟು ಅವರದೇ. ಇವತ್ತು ಹಾಕ್ಕೊಂಡೇ ಬಂದೆ, ಮರ್ಯಾದೆಗೆ."

ಮಾವ ಎಲ್ಲರಿಗೂ ಕುರ್ಚಿ ತೋರಿಸುತ್ತ, ಸ್ಮಶಾನದ ಗಾಡಿ ಬರುವ ಹೊತ್ತನ್ನು ಹೇಳುತ್ತ ಓಡಾಡುತ್ತಿದ್ದರು. ಆಗ ಗೇಟಿನ ಹತ್ತಿರ ಗುಜುಗುಜು ಕೇಳಿಸಿತು. ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಅವರ ಹಿಂದೆ ಸಾಲಾಗಿ ಇಡೀ ಕಾಡು.

"ಕ್ಷಮಿಸಿ, ಬೇಡ ಅಂದ್ರೂ ಕೇಳಲಿಲ್ಲ," ಎಂದರು ಮೇಷ್ಟ್ರು ತಗ್ಗಿದ ದನಿಯಲ್ಲಿ. "ಬಂದು ನೋಡಿ ಹೋಗ್ತಾರೆ. ಗಲಾಟೆ ಮಾಡಲ್ಲ."

"ಮಾಡಿದರೆ ಕಿವಿ ಹಿಂಡ್ತೀನಿ," ಎಂದು ಮಾವ ದಾರಿ ಬಿಟ್ಟರು.

ಮಕ್ಕಳು ಉಸಿರು ಬಿಗಿಹಿಡಿದು ಒಳಗೆ ಬಂದು ಸುತ್ತ ನಿಂತರು. ಅಪ್ಪನಿಗೆ ಕನ್ನಡಕ ಇರಲಿಲ್ಲ. ಮುಖ ಕುಣಿಯುತ್ತಿರಲಿಲ್ಲ. ಹಣೆಯ ಗೆರೆ, ಬಾಯಿಯ ಪಕ್ಕದ ಮಡಿಕೆ ಎಲ್ಲ ಸಡಿಲಾಗಿ, ಯಾರೋ ವಯಸ್ಸನ್ನು ಒರೆಸಿ ತೆಗೆದ ಹಾಗಿತ್ತು. ಪಟಾಕಿ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಅವಳ ಬೆರಳುಗಳು ಲಂಗದ ಪಕ್ಕದಲ್ಲಿ, ಗಾಳಿಯಲ್ಲೇ, ಏನನ್ನೋ ಸವರತೊಡಗಿದವು: ಹಣೆಯಿಂದ ಕೆಳಗೆ, ಎಡಕ್ಕೆ ತಿರುಗಿ, ತುಟಿಗೆ.

"ಅಚ್ಚು!" ಎಂದು ಅವಳು ಕೂಗಿದಳು. "ಮಾಮಾನೇ ಅಚ್ಚು! ಮೂಗು ನೋಡ್ರೋ! ಹುಬ್ಬು ನೋಡ್ರೋ, ಎಡಗಡೆ ಅರ್ಧ ಇಲ್ಲ, ಅಚ್ಚಲ್ಲಿ ಅದೇ ಜಾಗ ಒರಟು!"

"ಶ್ಶ್!" ಎಂದು ಮಾವ ಮುಂದಕ್ಕೆ ಬಂದರು.

ಅಷ್ಟರಲ್ಲಿ ಅಮ್ಮ ನಕ್ಕಳು. ಬೆಳಗಿನಿಂದ ತುಟಿ ಬಿಚ್ಚದವಳು, ಸೆರಗು ಬಾಯಿಗೊತ್ತಿಕೊಂಡು, ಭುಜ ಕುಲುಕಿಸಿಕೊಂಡು ನಕ್ಕಳು. "ಅಂತೂ ಸಿಕ್ಕಿಬಿದ್ರಲ್ಲ," ಎಂದಳು ಗಂಡನಿಗೆ. "ಈ ಪುಟ್ಟ ರಾಕ್ಷಸಿ ಕೈಗೆ ಸಿಕ್ಕಿಬಿದ್ರಿ."

ಮಗಳು ಒಮ್ಮೆ ಅಪ್ಪನನ್ನು, ಒಮ್ಮೆ ಮೆಟ್ಟಿಲಿನ ಸಾಲನ್ನು ನೋಡಿದಳು. ಇಷ್ಟು ವರ್ಷ ತೊಳೆದು, ಒರೆಸಿ, ಹಲಗೆಯ ಮೇಲೆ ಜೋಡಿಸಿದ ಮುಖ! "ಅಮ್ಮಾ, ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಮಾಡಿದವಳೇ ನಾನು."

*

ಮದುವೆಯ ಹೊಸತು. ಒಂದೇ ಕೋಣೆಯ ಬಾಡಿಗೆಮನೆ. ಅವನಿಗೆ ಮೊದಲ ಶಾಲೆ ಸಿಕ್ಕಿತ್ತು, ಮುಖವಾಡ ಕಲಿಸಲು ಒಂದು ಮುಖ ಬೇಕಾಗಿತ್ತು.

"ನನ್ನದು ಪುಕ್ಕಟೆ ಸಿಗುತ್ತಲ್ಲ," ಎಂದು ಅವನು ಚಾಪೆಯ ಮೇಲೆ ಅಂಗಾತ ಮಲಗಿದ. ಡಾಕ್ಟರ ಹತ್ತಿರ ಕೇಳಿ ತಂದ ಹಲ್ಲಿನ ಪ್ಲಾಸ್ಟರು, ಮೂಗಿಗೆ ಎರಡು ಕೊಳವೆ. ಹೊಸ ಹೆಂಡತಿ ಗಂಡನ ಮುಖದ ಮೇಲೆ ಚಮಚದಿಂದ ಬಿಳಿ ಹಿಟ್ಟು ಸುರಿಯುತ್ತ ಹೋದಳು. ಕಣ್ಣು ಮುಚ್ಚಿತು, ಬಾಯಿ ಮುಚ್ಚಿತು. ಅವಳು ಕೊಳವೆಗೆ ಕಿವಿಯಿಟ್ಟಳು.

"ಉಸಿರು ಇದೆಯಾ?"

ಮಾತಾಡುವ ಹಾಗಿಲ್ಲ. ಅವನು ಹೆಬ್ಬೆರಳು ಎತ್ತಿದ.

"ಈಗ ಇದೆಯಾ?"

ಹೆಬ್ಬೆರಳು.

"ಈಗ?"

ಅವನ ಹೊಟ್ಟೆ ಕುಲುಕತೊಡಗಿತು. ನಗಬೇಡಿ, ಬಿರುಕು ಬಿಡುತ್ತೆ ಎಂದು ಬೈಯುತ್ತ ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ಹಿಡಿದಳು. ಪ್ಲಾಸ್ಟರು ಬಿಸಿಯಾಗಿ, ಗಟ್ಟಿಯಾಗಿ, ಎಳೆಯುವ ಹೊತ್ತು ಬಂತು. ಕೆನ್ನೆಗೆ ಎಣ್ಣೆ ಹಚ್ಚಿದ್ದರು, ಗಲ್ಲಕ್ಕೆ ಹಚ್ಚಿದ್ದರು. ಹುಬ್ಬಿಗೆ ಮರೆತಿದ್ದರು.

ಎಡ ಹುಬ್ಬಿನ ಅರ್ಧ ಅಚ್ಚಿನ ಜೊತೆಗೇ ಬಂತು, ಮತ್ತೆ ಬೆಳೆಯಲೇ ಇಲ್ಲ. ಗಂಡ ಕೋಣೆಯ ತುಂಬ ಕುಪ್ಪಳಿಸುತ್ತ, "ಎಣ್ಣೆ! ಮೊದಲು ಎಣ್ಣೆ ಕಣೇ! ಮೊದಲು ಎಣ್ಣೆ!" ಎಂದು ಅರಚಿದ್ದಕ್ಕೆ ಪಕ್ಕದ ಮನೆಯವರು ಬೆಂಕಿ ಬಿತ್ತೆಂದು ನೀರು ತಂದಿದ್ದರು.

*

"ಆ ತಾಯಚ್ಚು ಯಾವತ್ತೋ ಒಡೆದುಹೋಯ್ತು," ಎಂದಳು ಅಮ್ಮ. "ಅದರಲ್ಲಿ ಹೊಯ್ದಿದ್ದೇ ಈ ಅಚ್ಚುಗಳು. ಉಳಿದಿರೋದು ಇಷ್ಟೇ."

ಹಾಲ್‌ನಲ್ಲಿ ಮೂಗಿನ ಮೇಲೆ ಬೆರಳಿಡದವರೇ ಇರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಮುಖವಾಡ ಜೋಪಾನವಾಗಿ ಬಿಡಿಸಿಕೊಂಡು, ಅಚ್ಚುಗಳನ್ನ ನಿಮಗೇ ಬಿಟ್ಟು ಹೋಗ್ತೀವಿ ತಾಯಿ."

ಈಗ ಹೇಳದೆ ಗತಿಯಿರಲಿಲ್ಲ. ಮಗಳು ಕಿಟಕಿಯಿಂದ ಬಾಟಲಿಯನ್ನು ತಂದು ಎಲ್ಲರ ಎದುರು ಹಿಡಿದಳು. ಕತ್ತಿನವರೆಗೆ ತುಂಬಿದ ಎಣ್ಣೆಯನ್ನು ನೋಡಿ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹಚ್ಚಲೇ ಇಲ್ಲ!" ಎಂದಿತು ಆಮೆ.

"ಮಾಮ ಹುಲಿ ಆದ್ರಲ್ಲ, ಅದಕ್ಕೇ," ಎಂದಿತು ಮೊಲ.

"ಬರಲ್ವಾ ಅಕ್ಕಾ?" ಪಟಾಕಿಯ ದನಿ ನೆನೆದ ಮತಾಪಿನಂತಾಗಿತ್ತು.

"ಒಡೆದರೆ ಬರುತ್ತೆ."

"ಏನಂದೆ?" ಎಂದರು ಮಾವ.

ಅವಳು ಉಸಿರೆಳೆದುಕೊಂಡಳು. ಸ್ಟೌ ಏನೂ ಉರಿಯುತ್ತಿರಲಿಲ್ಲ. "ಮುಖವಾಡ ಬೇಕು ಅಂದ್ರೆ ಅಚ್ಚು ಒಡೀಬೇಕು. ಹಿಂದಿನಿಂದ."

"ಹುಚ್ಚಾ ನಿಂಗೆ?" ಬೆಳಗ್ಗೆ ರದ್ದಿ ಎಂದಿದ್ದ ಮಾವನೇ ಮೆಟ್ಟಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತರು. "ಒಂದು ನೆಟ್ಟಗಿನ ಫೋಟೋ ಇಲ್ಲ ಆ ಮನುಷ್ಯನದು. ಇರೋ ಮುಖ ಇದೊಂದು. ಅವನು ಇನ್ನೂ ಇಲ್ಲೇ ಮಲಗಿರೋವಾಗ ಅವನ ಮುಖಕ್ಕೆ ಸುತ್ತಿಗೆ ಹಾಕ್ತೀಯಾ?"

"ಪರವಾಗಿಲ್ಲ ಬಿಡಮ್ಮ," ಎಂದರು ಮೇಷ್ಟ್ರು. "ಮಕ್ಕಳ ಮುಖಕ್ಕೇ ಬಣ್ಣ ಬಳಿದು ನಿಭಾಯಿಸೋಣ."

ಅವಳು ಅಮ್ಮನ ಕಡೆ ನೋಡಿದಳು.

"ನನ್ನನ್ನೇನು ನೋಡ್ತೀಯ? ಅಂಗಡಿ ಈಗ ನಿಂದು," ಎಂದಳು ಅಮ್ಮ.

ಮಗಳಿಗೂ ಆ ಮುಖ ಬೇಕಾಗಿತ್ತು. ಯಾರಿಗಿಂತಲೂ ಹೆಚ್ಚಾಗಿ ಬೇಕಾಗಿತ್ತು. ಗಾಡಿ ಬಂದು ಹೋದ ಮೇಲೆ ಈ ಮನೆಯಲ್ಲಿ ಉಳಿಯುವುದು ಕಳ್ಳನ ಹಾಗಿರುವ ಆ ಮಸುಕು ಫೋಟೋ ಮಾತ್ರ. ಆದರೆ ಮಕ್ಕಳು ಅಲ್ಲಿ ನಿಂತಿದ್ದರು. ಅತ್ತರೆ ಬೈಗುಳ ಬಿದ್ದೀತೆಂದು ತುಟಿ ಕಚ್ಚಿಕೊಂಡು, ತಮ್ಮ ತಮ್ಮ ಮುಖವಾಡ ಯಾವ ಮೆಟ್ಟಿಲಲ್ಲಿದೆಯೆಂದು ಕಣ್ಣಲ್ಲೇ ಹುಡುಕುತ್ತ ನಿಂತಿದ್ದರು.

"ಅಪ್ಪ ಒಂದು ನಾಟಕಾನೂ ನಿಲ್ಲಿಸಿಲ್ಲ," ಎಂದು ಅವಳು ಸುತ್ತಿಗೆಯ ಡಬ್ಬಿ ತೆಗೆದಳು. "ಯಾರ ಮುಖ ಅವರೇ ಬಿಡಿಸಬೇಕು. ಸಾಲಾಗಿ ಬನ್ನಿ."

ಮೊದಲ ಏಟು ಮೊಲದ್ದು. ಅಚ್ಚನ್ನು ತಾರಸಿಯ ಚಾಪೆಯ ಮೇಲೆ ಮಗುಚಿ, ಟೊಳ್ಳಿನೊಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿತು. ಏನೂ ಆಗಲಿಲ್ಲ. "ಜೋರಾಗಿ!" ಎಂದಳು ಅವಳು. ಠಪ್! ಪ್ಲಾಸ್ಟರು ಬಿರುಕುಬಿಟ್ಟು ಮೊಟ್ಟೆಚಿಪ್ಪಿನಂತೆ ಕುಸಿಯಿತು. ಮೊಲ ಚೂರುಗಳನ್ನು ಕೊಡವಿ ಎತ್ತಿ ಹಿಡಿಯಿತು. ಹಗುರವಾದ, ಇಡಿಯಾದ ಮುಖವಾಡ! ಮಕ್ಕಳು ಹೋ ಎಂದರು, ಕೂಡಲೇ ಬಾಯಿ ಮುಚ್ಚಿಕೊಂಡರು. ಆಮೇಲೆ ಮುಚ್ಚಿಕೊಳ್ಳುವುದನ್ನು ಮರೆತರು. ಆಮೆ, ನರಿ, ಮೂರು ಕೋತಿ. ಕೆಳಗೆ ಕೂತಿದ್ದ ನೆಂಟರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದು ಇಣುಕತೊಡಗಿದರು. ಆನೆಯ ಅಚ್ಚು ದಪ್ಪವಿದ್ದು ಎಷ್ಟು ಬಡಿದರೂ ಜಗ್ಗದಿದ್ದಾಗ, "ಕೊಡಿಲ್ಲಿ, ಹಾಗಲ್ಲ, ಗಲ್ಲದ ಹತ್ತಿರ ಹೊಡಿಯೋ!" ಎಂದು ಮಾವನೇ ತೋಳು ಮಡಚಿ ಕೂತರು. ಅವರ ತಲೆಗೂದಲೆಲ್ಲ ಬಿಳಿ ಪುಡಿ.

"ಸತ್ತ ಮನೇಲಿ ಇದೇನು ಸದ್ದು ಅಣ್ಣಾ?" ಅಮ್ಮ ಕೆಳಗಿನಿಂದ ಕೂಗಿದಳು.

"ನಿನ್ನ ಗಂಡನ ಸದ್ದೇ! ನನ್ನದಲ್ಲ!"

ಕೊನೆಗೆ ಪಟಾಕಿ ಒಬ್ಬಳೇ ಉಳಿದಳು. ತನ್ನದನ್ನು ಎದೆಗವಚಿಕೊಂಡು ಬಂದು ಅಂಟಕ್ಕನ ಮಡಿಲಲ್ಲಿಟ್ಟಳು.

"ನಂದು ಒಡೆಯೋದು ಬೇಡ ಅಕ್ಕಾ. ನೀವಿಟ್ಕೊಳ್ಳಿ. ನಾನು ನಾಳೆ ಮರ ಆಗ್ತೀನಿ. ಮರಕ್ಕೆ ಮುಖ ಬೇಡ."

ಅಂಟಕ್ಕನ ಕೈ ತಾನಾಗಿ ಅದನ್ನು ಹಿಡಿದುಕೊಂಡಿತು. ಭಾರವಾಗಿತ್ತು. ಒಳಗೆ ಅಪ್ಪ ಇದ್ದ: ಹೊಟ್ಟೆ ಕುಲುಕಿಸಿಕೊಂಡು, ನಗು ತಡೆದುಕೊಂಡು, ಹೆಬ್ಬೆರಳು ಎತ್ತಿಕೊಂಡು ಮಲಗಿದ್ದ ಅಪ್ಪ. ಇದೊಂದು ಇಟ್ಟುಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಪಟಾಕಿಯಂತೂ ಮರವಾಗಿ ಎರಡೂ ಕೈ ಚಾಚಿ ನಿಂತು ತೋರಿಸುತ್ತಲೂ ಇದ್ದಳು. ಆದರೆ ಆ ಮರ ಒಂದು ಗಳಿಗೆ ನೆಟ್ಟಗೆ ನಿಲ್ಲಲಾರದೆ ಕುಣಿಯುತ್ತಿತ್ತು.

"ಕಾಡಲ್ಲಿ ಮರಗಳು ಬೇಕಾದಷ್ಟಿವೆ. ಹುಲಿ ಎಲ್ಲಿಂದ ತರೋಣ?" ಎಂದು ಅವಳು ಸುತ್ತಿಗೆ ಚಾಚಿದಳು. "ಬೆನ್ನುಮೂಳೆಯಿಂದ ಹೊಡಿ."

ಪಟಾಕಿ ಹೊಡೆದಳು. ಒಂದೇ ಏಟು. ಅವಳು ಚೂರುಗಳನ್ನು ಒಂದೊಂದಾಗಿ ಆರಿಸಿ, ಒಳಗಿನ ಬಿಳಿ ಕಾಗದದ ಮೇಲಿನ ಪುಡಿಯನ್ನು ಊದಿ, ಎತ್ತಿ ಹಿಡಿದು ಒಳಭಾಗ ನೋಡಿದಳು. ಎಡಕ್ಕೆ ಒಂದು ಹೆಜ್ಜೆ ಇಟ್ಟಳು, ಬಲಕ್ಕೆ ಒಂದು.

"ಅಕ್ಕಾ," ಎಂದಳು ಮೆಲ್ಲಗೆ, ಜೀವಮಾನದಲ್ಲಿ ಮೊದಲ ಬಾರಿಗೆ ಪಿಸುದನಿಯಲ್ಲಿ. "ಮಾಮ ಒಳಗಿದ್ದಾರೆ. ನಾನು ಎಲ್ಲಿ ಹೋದ್ರೆ ಅಲ್ಲಿಗೆ ಮುಖ ತಿರುಗಿಸ್ತಿದ್ದಾರೆ!"

ಎಲ್ಲರೂ ತಂತಮ್ಮ ಮುಖವಾಡ ತಿರುಗಿಸಿ ಒಳಭಾಗ ನೋಡಿದರು. ಹೌದು. ತಗ್ಗಾಗಿದ್ದ ಮುಖ ಕಣ್ಣಿಗೆ ಮೋಸಮಾಡಿ, ನೋಡುನೋಡುತ್ತ ಉಬ್ಬಿ ಮೇಲೆದ್ದಿತು. ಸೊಟ್ಟ ಮೂಗು ಈಚೆಗೆ ಚಾಚಿತು. ನೋಡುವವರು ಸರಿದ ಕಡೆಗೆ ಅದೂ ಮೆಲ್ಲಗೆ ಹೊರಳಿತು. "ನಂದೂ ತಿರುಗ್ತಿದೆ!" "ನನ್ನ ಮಾಮ ನೋಡ್ರೋ!" ತಾರಸಿಯ ತುಂಬ ಮಕ್ಕಳು ಮುಖವಾಡ ಹಿಡಿದು ಏಡಿಗಳಂತೆ ಅಡ್ಡಡ್ಡ ಓಡಾಡತೊಡಗಿದರು. ಮಾವ ಕೂಡ ಆನೆಯದನ್ನು ಕಸಿದುಕೊಂಡು ಒಂದು ಸುತ್ತು ಹಾಕಿದರು.

"ನಾಟಕ ಆದ್ಮೇಲೆ ಇದರೊಳಗೇ ಪ್ಲಾಸ್ಟರ್ ಹೊಯ್ದರೆ ಅಚ್ಚು ಮತ್ತೆ ಸಿಗುತ್ತಲ್ವಾ ಅಕ್ಕಾ?" ಎಂದಳು ಪಟಾಕಿ.

ಅಂಟಕ್ಕ ಅಷ್ಟೂ ಮುಖವಾಡಗಳ ಮೇಲೆ ಕಣ್ಣಾಡಿಸಿದಳು. ಒಂದು ಅಚ್ಚು ಒಡೆದಲ್ಲಿ ಒಂದು ತಾಯಚ್ಚು! "ಸಿಗುತ್ತೆ," ಎಂದಳು. ಎರಡೂ ಕೈ ಮೇಲೆದ್ದವು. ಬೀದಿಯ ಕೊನೆಗೂ ಕೇಳುವ ಹಾಗೆ ಗುಡುಗಿದಳು: "ಆದರೆ ಏನು ಮೊದಲು?"

"ಎಣ್ಣೆ!"

ಮಕ್ಕಳು ಮಾತ್ರ ಕೂಗಿದ್ದಲ್ಲ. ಮೆಟ್ಟಿಲಲ್ಲಿ ನಿಂತಿದ್ದ ಮೀಸೆ ಬಂದವರು, ನರೆ ಬಂದವರು, ಬೀದಿಯಲ್ಲಿ ಆಗತಾನೇ ಗಾಡಿ ನಿಲ್ಲಿಸಿ ಇಳಿದ ಚಾಲಕ ಕೂಡ ಕೂಗಿದರು.

ಅಪ್ಪನನ್ನು ಗಾಡಿಗೆ ಏರಿಸಿದ್ದಾಯಿತು. ಅವಳು ಅವನ ಪಕ್ಕದಲ್ಲಿ, ಕಿಟಕಿಯ ಹತ್ತಿರ ಕೂತಳು. ಎದುರಿಗೆ ಅಮ್ಮ. ಗಾಡಿ ಮೆಲ್ಲಗೆ ಹೊರಟಿತು. ಮಕ್ಕಳು ಬೀದಿಯ ಬದಿಯುದ್ದಕ್ಕೂ ಸಾಲಾಗಿ ನಿಂತಿದ್ದರು, ಪಟಾಕಿಯಿಂದ ಹಿಡಿದು ಗಿಡ್ಡ ಆಮೆಯವರೆಗೆ. ಯಾರು ಹೇಳಿಕೊಟ್ಟರೋ ಏನೋ, ಎಲ್ಲರೂ ಮುಖವಾಡವನ್ನು ತಿರುಗಾಮುರುಗಾ, ಒಳಭಾಗ ಬೀದಿಗೆ ಕಾಣುವಂತೆ, ಮುಖದ ಎದುರಿಗೆ ಹಿಡಿದಿದ್ದರು. ಬಿಸಿಲು ಒಳಗಿನ ಬಿಳಿ ಕಾಗದದ ಮೇಲೆ ಬಿದ್ದಿತ್ತು.

ಗಾಡಿ ಮುಂದೆ ಸರಿದಂತೆ, ಕಣ್ಣು ಮುಚ್ಚಿದ, ಸೊಟ್ಟ ಮೂಗಿನ ಅಷ್ಟೂ ಮುಖಗಳು ಒಂದಾದ ಮೇಲೊಂದು, ಅವಳ ಕಿಟಕಿಯ ಕಡೆಗೆ ಹೊರಳಿದವು.